ಬಂಡೆಯ ಮರ, ಪಾತಿಯ ಮರ

ಬೋನ್ಸಾಯ್ ಬಲ್ಲವರಲ್ಲಿ ಒಂದು ಹಳೆಯ ಪಂಕ್ತಿಭೇದವಿದೆ. ಬೆಟ್ಟದ ಬಂಡೆಸಂದಿಯಲ್ಲಿ ಗಾಳಿ, ಹಿಮಗಳ ಏಟು ತಿಂದು ತಾನಾಗಿ ಕುಳ್ಳಾದ ಮರಕ್ಕೆ ಮೊದಲ ಮಣೆ; ಬೆಟ್ಟದಿಂದ ಕಿತ್ತು ತಂದ ಅಂಥ ಮರವನ್ನು ಜಪಾನೀಯರು ಯಾಮಾದೋರಿ ಎನ್ನುತ್ತಾರೆ. ನರ್ಸರಿಯ ಪಾತಿಯಲ್ಲಿ ಕಡ್ಡಿಯಿಂದ ಚಿಗುರಿ, ಪ್ಲಾಸ್ಟಿಕ್ ಕುಂಡದಲ್ಲಿ ಮಾರಾಟಕ್ಕೆ ಬಂದ ಜುನಿಪರಿಗೆ ಕೊನೆಯ ಸಾಲು. ಹೊಸಬರು ಕೈ ಪಳಗಿಸಿಕೊಳ್ಳಲು ಅದು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಬೆಟ್ಟದ ಮರವೇ ಬೇಕು ಎಂಬುದು ವಾಡಿಕೆಯ ಮಾತು. ಜುನಿಪರಿನ ಚರಿತ್ರೆಯನ್ನು ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಆ ಮರ ಬೋನ್ಸಾಯ್ ಲೋಕದಲ್ಲಿ ಉಳಿದುಕೊಂಡದ್ದೇ ನರ್ಸರಿಯವರ ಕಸುಬಿನಿಂದ. ಬಂಡೆಯ ಮರಕ್ಕೆ ಸಲ್ಲುವ ಹೊಗಳಿಕೆಯಲ್ಲೂ ಅವರದೊಂದು ದೊಡ್ಡ ಪಾಲಿದೆ.

ಕುಂಡದೊಳಗಿನ ಮರ ಬಹಳ ಹಳೆಯದು. ಚೀನಾದಲ್ಲಿ ಕ್ರಿ.ಶ. 706ರಲ್ಲಿ ಕಟ್ಟಿದ ತಾಂಗ್ ರಾಜಕುಮಾರನೊಬ್ಬನ ಸಮಾಧಿಯ ಗೋಡೆಚಿತ್ರದಲ್ಲಿ ಪುಟ್ಟ ಗಿಡ, ಕಲ್ಲುಗಳ ತಟ್ಟೆ ಹೊತ್ತ ಸೇವಕರಿದ್ದಾರೆ; ಜಪಾನಿನ 1309ರ ಕಾಸುಗಾ ಚಿತ್ರಸುರುಳಿಯಲ್ಲೂ ಅಂಥ ಕುಂಡಗಳು ಕಾಣುತ್ತವೆ. ಜುನಿಪರಿನ ಕೀರ್ತಿಗೆ ಮಾತ್ರ ಅಷ್ಟು ವಯಸ್ಸಿಲ್ಲ. ಜಪಾನಿನ ಹಳೆಯ ಕುಂಡಗಳಲ್ಲಿ ಹಿರಿತನ ಪೈನ್ ಮರದ್ದು. ಶಿಂಪಾಕು ಎಂಬ ಬೆಟ್ಟದ ಜುನಿಪರ್ ಮುಂದಿನ ಸಾಲಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನೀಗಾತಾ ಪ್ರಾಂತ್ಯದ ಇತೋಯಿಗಾವಾ ಸುತ್ತಲಿನ ಸುಣ್ಣಕಲ್ಲಿನ ಕಡಿಬಂಡೆಗಳಲ್ಲಿ, ಒತ್ತೊತ್ತಾದ ನಯವಾದ ಎಲೆಯ, ಒಂದು ಪಕ್ಕ ಸತ್ತು ಬಿಳಿಮೂಳೆಯಂತಾಗಿ ಇನ್ನೊಂದು ಪಕ್ಕ ಜೀವ ಹರಿಯುವ ಮರಗಳಿದ್ದವು. ಅವನ್ನು ಕೀಳಲು ಜನ ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿಬಿದ್ದರು. ನೂರಾರು ವರ್ಷ ಬೆಳೆದದ್ದನ್ನು ಖಾಲಿ ಮಾಡಲು ಕೆಲವೇ ದಶಕಗಳು ಸಾಕಾದವು. ಅಲ್ಲಿಂದ ಮುಂದೆ ಇತೋಯಿಗಾವಾ ಎಂದರೆ ಒಂದು ಊರು ಎನ್ನುವುದಕ್ಕಿಂತ ಒಂದು ತಳಿ: ಬೆಟ್ಟದ ಮರಗಳ ರೆಂಬೆಯಿಂದ ಕಡ್ಡಿ ಮುರಿದು, ಪಾತಿಯಲ್ಲಿ ಬೇರು ಬರಿಸಿ, ಮತ್ತೆ ಅದರ ಕಡ್ಡಿ ನೆಟ್ಟು ಬೆಳೆಗಾರರು ಹಬ್ಬಿಸಿದ ತಳಿ.

ಈ ಬೆಳೆಗಾರರು ಯಾರೆಂದು ತಿಳಿಯಲು ಓಮಿಯಾಕ್ಕೆ ಹೋಗಬೇಕು. 1923ರ ಸೆಪ್ಟೆಂಬರ್ 1ರಂದು ಕಾಂಟೋ ಭೂಕಂಪ ಟೋಕಿಯೊವನ್ನು ಸುಟ್ಟು ಕೆಡವಿತು. ದಾಂಗೋಜಾಕಾ ಸುತ್ತಮುತ್ತ ತೋಟಗಾರಿಕೆಯಿಂದಲೇ ಬದುಕುತ್ತಿದ್ದ ಕುಟುಂಬಗಳು ಜಾಗ, ಒಳ್ಳೆಯ ನೀರು, ಗಾಳಿ ಹುಡುಕಿಕೊಂಡು ಉತ್ತರಕ್ಕೆ ಹೊರಟು, 1925ರಲ್ಲಿ ಓಮಿಯಾದಲ್ಲಿ ಬೋನ್ಸಾಯ್ ಗ್ರಾಮ ಕಟ್ಟಿದವು. ಅಲ್ಲಿ ನೆಲೆಸುವವರಿಗೆ ಇದ್ದ ಕಟ್ಟಳೆಗಳು ಸ್ವಾರಸ್ಯವಾಗಿವೆ: ಮನೆಗೆ ಕನಿಷ್ಠ 10 ಬೋನ್ಸಾಯ್ ಇರಬೇಕು, ಬಂದವರಿಗೆಲ್ಲ ಬಾಗಿಲು ತೆರೆದಿರಬೇಕು, ಮಹಡಿ ಕಟ್ಟಕೂಡದು, ಬೇಲಿ ಹಸಿರು ಗಿಡದ್ದೇ ಆಗಬೇಕು. ಮಹಡಿ ಬೇಡವೆಂದದ್ದು ಪಕ್ಕದವನ ಗಿಡಕ್ಕೆ ಬಿಸಿಲು ತಪ್ಪದಿರಲೆಂದು ಎಂದರೆ ನಂಬುವಂತಿದೆ. ಇದು ಋಷಿಗಳ ಆಶ್ರಮವಲ್ಲ, ಗಿಡ ಬೆಳೆಸಿ, ಮಾರಿ, ಸಿರಿವಂತರ ಗಿಡಗಳನ್ನು ನೋಡಿಕೊಂಡು ಸಂಸಾರ ತೂಗಿಸುವವರ ಕೇರಿ. 1934ರಲ್ಲಿ ಟೋಕಿಯೊದ ಉಯೆನೋದಲ್ಲಿರುವ ಕಲಾಸಂಗ್ರಹಾಲಯದಲ್ಲಿ ಕೊಕುಫು ಎಂಬ ಬೋನ್ಸಾಯ್ ಪ್ರದರ್ಶನ ಶುರುವಾಗಿ ಅದು ಕಲೆಯೆನಿಸಿಕೊಂಡಾಗ, ಅದರ ಹಿಂದೆ ನಿಂತಿದ್ದ ಕೌಶಲವೂ ಇಂಥ ಕಸುಬುದಾರರದ್ದೇ.

ಆದರೂ ವಯಸ್ಸನ್ನು ನರ್ಸರಿ ಎಲ್ಲಿಂದ ತಂದೀತು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಐದು ವರ್ಷದ ಕಡ್ಡಿಗಿಡದ ಕಾಂಡಕ್ಕೆ ಮುನ್ನೂರು ವರ್ಷದ ಗಾಯಗಳು ಬಾರವು, ಕೊರೆದು ಮಾಡಿದ ಸತ್ತ ಕಟ್ಟಿಗೆ ಎಷ್ಟೋ ಸಲ ಕೊರೆದದ್ದೆಂದೇ ಕಾಣುತ್ತದೆ. ಆದರೆ ಕಿತ್ತು ತಂದ ಮರವೂ ಬಂದ ಹಾಗೆಯೇ ಪ್ರದರ್ಶನದ ಮೇಜು ಹತ್ತುವುದಿಲ್ಲ. ಬೇರು ಹರಿದುಕೊಂಡು ಬಂದ ಅದನ್ನು ವರ್ಷಗಟ್ಟಲೆ ಬೆಳೆಗಾರನೇ ಬದುಕಿಸಬೇಕು. ಎಲೆ ಒರಟಾದ ಬೆಟ್ಟದ ಜುನಿಪರಿಗೆ ಇತೋಯಿಗಾವಾ ರೆಂಬೆಗಳನ್ನು ಕಸಿ ಕಟ್ಟಿ, ಹಳೆಯ ಎಲೆಯನ್ನು ಕ್ರಮೇಣ ತೆಗೆದುಬಿಡುವುದು ಜಪಾನಿನಲ್ಲಿ ಸಾಮಾನ್ಯ ಕೆಲಸ. ಅಂಥ ಮರದಲ್ಲಿ ಕಾಂಡವಷ್ಟೇ ಬಂಡೆಯದು. ನೋಡುಗರು ಮೆಚ್ಚುವ ಹಸಿರು ಪಾತಿಯದು. ಇನ್ನೊಂದು ದಿಕ್ಕಿನಿಂದ, ಎಳೆಯ ಕಡ್ಡಿಗಿಡಕ್ಕೆ ತಂತಿ ಸುತ್ತಿ, ಹಾವಿನಂತೆ ತಿರುಚಿ, ನೆಲದಲ್ಲಿ ನೆಟ್ಟು ದಪ್ಪಗಾಗಲು ಬಿಡುವವರಿದ್ದಾರೆ. ಬಂಡೆ ನೂರು ವರ್ಷದಲ್ಲಿ ಮಾಡಿದ್ದನ್ನು ಅವರು ಇಪ್ಪತ್ತು ಮೂವತ್ತರಲ್ಲಿ ಪೂರ್ತಿ ಮಾಡಲಾರರು, ನಿಜ. ಕಣ್ಣು ಗುರುತಿಸುವ ವ್ಯತ್ಯಾಸ ಮಾತ್ರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಅಮೆರಿಕದ ಸಾಕ್ಷ್ಯ ಇನ್ನೂ ನೇರವಾದದ್ದು. ಕೊಲೊರಾಡೋದಲ್ಲಿ 1914ರಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಜಾನ್ ನಾಕಾ ಅವರ ‘ಗೋಶಿನ್’ ಆ ದೇಶದ ಅತಿ ಪ್ರಸಿದ್ಧ ಬೋನ್ಸಾಯ್. ಒಂದೇ ತಟ್ಟೆಯಲ್ಲಿ ಹನ್ನೊಂದು ಜುನಿಪರ್‌ಗಳ ಕಾಡು ಅದು, ಮೊಮ್ಮಕ್ಕಳಿಗೆ ಒಂದೊಂದರಂತೆ. 1984ರಲ್ಲಿ ಅವರು ಕೊಟ್ಟ ಈ ಕಾಡು ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿದೆ. ಅದರ ಮರಗಳು ‘ಫೆಮಿನಾ’ ತಳಿಯವು, ತೋಟಗಳಿಗೆಂದು ಕಡ್ಡಿಯಿಂದಲೇ ವೃದ್ಧಿ ಮಾಡುವ ಜಾತಿ. ಬಂಡೆಯ ಚರಿತ್ರೆ ಅವಕ್ಕೆ ಇಲ್ಲ; ಸ್ಮಾರಕವಾಗಲು ಅದು ಬೇಕಾಗಲೂ ಇಲ್ಲ.

ಇದೇ ನರ್ಸರಿ ವ್ಯಾಪಾರ ಕಲೆಯನ್ನು ಅಗ್ಗ ಮಾಡಿತು ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ನೆಲ ಹಬ್ಬುವ ‘ನಾನಾ’ ಜುನಿಪರ್ ಅಮೆರಿಕದಲ್ಲಿ ಉಡುಗೊರೆ ಬೋನ್ಸಾಯ್ ಆಗಿ ಅಂಗಡಿ ಅಂಗಡಿಯಲ್ಲಿ ಮಾರಾಟವಾಯಿತು. ಕೊಂಡವರು ಅದನ್ನು ಮನೆಯೊಳಗಿನ ಮೇಜಿನ ಮೇಲಿಟ್ಟರು. ಜುನಿಪರ್ ಬಯಲಿನ ಗಿಡ. ಒಳಗಿಟ್ಟರೆ ಸಾಯುತ್ತದೆ, ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಹಾಗಾಗಿ ಕೊಂದದ್ದು ಏನೆಂದು ಕೊಂಡವನಿಗೆ ತಿಳಿಯುವುದೇ ಇಲ್ಲ. ಇದು ಗಿಡದ ಜೊತೆ ಕಸುಬಿನ ತಿಳಿವಳಿಕೆಯನ್ನು ಕೊಡದೆ ಮಾರಿದವರ ತಪ್ಪು, ಪಾತಿಯದಲ್ಲ. ಆ ತಿಳಿವಳಿಕೆಯೇನೂ ಗಹನವಾದದ್ದಲ್ಲ: ಎಲೆಯಿಲ್ಲದ ಹಳೆಗಟ್ಟಿಗೆಯಿಂದ ಜುನಿಪರ್ ಸುಲಭಕ್ಕೆ ಚಿಗುರದು, ಆದ್ದರಿಂದ ಉಳಿಸುವ ರೆಂಬೆಯಲ್ಲೆಲ್ಲ ಹಸಿರು ಬಿಡಬೇಕು, ರೆಂಬೆ ಕಡಿದ ವರ್ಷವೇ ಬೇರಿಗೂ ಕತ್ತರಿ ಹಾಕಬಾರದು.

ಬೆಂಗಳೂರಿನಲ್ಲಿ ಬೋನ್ಸಾಯ್ ಎಂದರೆ ಹೆಚ್ಚಾಗಿ ಆಲ, ಅರಳಿ, ಅತ್ತಿಗಳ ಬಳಗ; ಬಯಲುಸೀಮೆಯ ಹವೆಗೆ ಅದೇ ವಿವೇಕ. ಆದರೂ ನರ್ಸರಿಯ ಸಾಲುಗಳಲ್ಲಿ ಕುಂಡದ ಜುನಿಪರ್ ಕಾಣದೆ ಇರುವುದಿಲ್ಲ. ಕೊಳ್ಳುವವನು ಮೇಲಿನ ಸೊಂಪನ್ನು ನೋಡದೆ, ಕಾಂಡದ ಬುಡದ ಮಣ್ಣನ್ನು ಎರಡು ಬೆರಳಷ್ಟು ಕೆದಕಿ, ಬೇರು ಎಲ್ಲಿ ಹರಡಿದೆ, ಕಾಂಡ ಎತ್ತ ತಿರುಗಿದೆ ಎಂದು ನೋಡುತ್ತಾನೆ. ಇತೋಯಿಗಾವಾದಲ್ಲಿ ಹಗ್ಗಕ್ಕೆ ಜೋತುಬಿದ್ದವರ ಕಣ್ಣು ಹುಡುಕುತ್ತಿದ್ದದ್ದೂ ಅದನ್ನೇ.