ಮನವಿ ಪತ್ರದಿಂದ ನ್ಯಾಯಪೀಠದವರೆಗೆ

1956ರ ನವೆಂಬರ್ 1. ಆಳಂದ, ಅಫಜಲಪುರ, ಜೇವರ್ಗಿ ಭಾಗದ ಸರ್ಕಾರಿ ಗುಮಾಸ್ತರು ಅಂದು ಕುಳಿತ ಕುರ್ಚಿಯಲ್ಲೇ ಇದ್ದರು. ಆದರೆ ಅವರ ಸರ್ಕಾರ ಬದಲಾಗಿತ್ತು. ಹೈದರಾಬಾದ್ ರಾಜ್ಯದ ನೌಕರರು ಮೈಸೂರು ರಾಜ್ಯದ ನೌಕರರಾದರು. ಹತ್ತಿರವಿದ್ದ ರಾಜಧಾನಿ ಬಹುದೂರಕ್ಕೆ ಹೋಯಿತು.

ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಆಡಳಿತಗಳ ನೌಕರರನ್ನು ಒಂದೇ ಪಟ್ಟಿಗೆ ಸೇರಿಸುವಾಗ ಯಾರು ಹಿರಿಯರು, ಯಾರಿಗೆ ಮೊದಲು ಬಡ್ತಿ ಎಂಬ ಪ್ರಶ್ನೆ ಎದ್ದಿತು. ಇದನ್ನು ಊಹಿಸಿಯೇ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೇ ಕಲಮು, ಕೇಂದ್ರದ ಪೂರ್ವಾನುಮತಿ ಇಲ್ಲದೆ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದೆಂದು ಹೇಳಿತು. ಅವರ ಮನವಿಗಳನ್ನು ಪರಿಶೀಲಿಸಲು ಸಲಹಾ ಸಮಿತಿಗಳಿಗೂ ಅವಕಾಶ ಕಲ್ಪಿಸಿತು.

ಮನವಿಗೆ ಫಲ ಸಿಗದಿದ್ದರೆ? ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಕೊಟ್ಟಿದೆ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಈ ಹಕ್ಕನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಾಂಗ ಸೇವೆಯ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇತ್ತು. ಪುರುಷರಿಗೆ ಅಂಥ ಕಟ್ಟು ಇರಲಿಲ್ಲ. ದಾವೆ ನಡೆಯುತ್ತಿರುವಾಗಲೇ ಅವರಿಗೆ ಬಡ್ತಿ ಸಿಕ್ಕಿತು. ಆದ್ದರಿಂದ 1979ರಲ್ಲಿ ಅರ್ಜಿ ವಜಾ ಆದರೂ, ಲಿಂಗ ತಾರತಮ್ಯವನ್ನು ನಿಯಮಗಳಿಂದ ತೆಗೆಯಬೇಕೆಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು.

ಆದರೆ ಎಲ್ಲರೂ ದೆಹಲಿಯವರೆಗೆ ಹೋಗಬಲ್ಲರೆ? 1985ರ ಕಾಯಿದೆಯಂತೆ 1986ರಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಳಿ ಸ್ಥಾಪನೆಯಾಯಿತು. ಮೊದಲು ಇಲಾಖೆಯೊಳಗಿನ ಮೇಲ್ಮನವಿ ಮುಗಿಸಬೇಕು. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷ. ಅರ್ಜಿದಾರರು ತಾವೇ ವಾದಿಸಬಹುದು, ವಕೀಲರನ್ನೂ ಇಟ್ಟುಕೊಳ್ಳಬಹುದು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರು ದೊರೆಯುತ್ತಾರೆ.

ಮಂಡಳಿಯ ತೀರ್ಪು ಒಪ್ಪಿಗೆಯಾಗದವರು ಮೊದಲು ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬೇಕಿತ್ತು. 1997ರಲ್ಲಿ ಎಲ್. ಚಂದ್ರಕುಮಾರ್ ಮೊಕದ್ದಮೆಯ ತೀರ್ಪು ಹೈಕೋರ್ಟಿನ ಬಾಗಿಲನ್ನು ಮತ್ತೆ ತೆರೆಯಿತು. ಆದರೂ ಆ ಬಾಗಿಲು ಬೆಂಗಳೂರಿನಲ್ಲಿತ್ತು. ಒಂದು ವಾಯಿದೆಗೆ ಜೇವರ್ಗಿಯ ಗುಮಾಸ್ತ ಒಂದು ರಾತ್ರಿ ಹೋಗಿ, ಇನ್ನೊಂದು ರಾತ್ರಿ ಮರಳಬೇಕಿತ್ತು. ರಜೆ, ಪ್ರಯಾಣದ ಖರ್ಚು, ವಕೀಲರ ಶುಲ್ಕ ಎಲ್ಲ ಸೇರಿದರೆ ಎಷ್ಟೋ ಹಕ್ಕುಗಳು ಕಡತದಲ್ಲೇ ಉಳಿಯುವುದು ಸಹಜ.

2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಗುಲ್ಬರ್ಗಕ್ಕೆ ಬಂದಿತು. 2013ರಲ್ಲಿ ಅದು ಕಾಯಂ ಆಯಿತು. ಆಮೇಲೆ ನ್ಯಾಯಮಂಡಳಿಯ ಪೀಠವೂ ಕಲಬುರಗಿಯಲ್ಲಿ ಆರಂಭವಾಯಿತು. ಈಗ ಈ ಮೂರು ತಾಲೂಕುಗಳ ನೌಕರರು ಬೆಳಗಿನ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು.

ವಿದ್ಯಾರ್ಥಿ ಮಿತ್ರರೇ, ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಕೇಳುವ ಜಾಗಕ್ಕೆ ಬಸ್ಸಿನ ದಾರಿಯೂ ಇರಬೇಕು.