ಉಡಿಯೊಳಗಿನ ಖಣ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಅಜ್ಜಿಯ ಟ್ರಂಕು ತೆರೆದರೆ ಇಳಕಲ್ಲ ಸೀರೆಯೊಂದು ಸಿಗುವುದು ಅಪರೂಪವಲ್ಲ. ಹೆಣ್ಣುಮಕ್ಕಳ ಉಡುಗೆಯ ಇತಿಹಾಸ ಅರಿಯಬೇಕಾದವರು ಮೊದಲು ಅದನ್ನು ಬಿಡಿಸಿ ನೋಡುವುದು ಲೇಸು.

ಆ ಸೀರೆಯ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಸೆರಗಿನ ಮೇಲೆ ಗೋಪುರಗಳಂತೆ ಬಿಳಿಯ ತೆನೆಗಳು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ‘ಕೊಂಡಿ’ ವಿಧಾನ ಇಳಕಲ್ಲಿನ ವೈಶಿಷ್ಟ್ಯ. ಆದುದರಿಂದ ಒಂದೊಂದು ಸೀರೆಗೂ ಬೇರೆ ಹಾಸನ್ನೇ ಸಿದ್ಧಪಡಿಸಬೇಕು. ಕಸೂತಿ ಹಾಕಿದ ಕಪ್ಪು ‘ಚಂದ್ರಕಾಳಿ’ಯಂತೂ ಮದುಮಗಳಿಗೆ ಉಡುಗೊರೆಯಾಗುತ್ತಿತ್ತು, ಕಪ್ಪು ಅಶುಭವೆಂಬ ಮಾತು ಅಲ್ಲಿ ನಡೆಯಲಿಲ್ಲ.

ಎಂಟು-ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟವಳಿಗೆ ಹೊಲದ ಕೆಲಸವೂ ಸುಲಭ, ಒಳಲಂಗದ ಅಗತ್ಯವೂ ಇರಲಿಲ್ಲ. ಮೇಲೆ ಗುಳೇದಗುಡ್ಡದ ಖಣದ ಕುಬುಸ. ಅದಕ್ಕೆ ಗುಂಡಿಯಿಲ್ಲ, ಮುಂದೆ ಗಂಟು. 1860ರ ದಶಕದಲ್ಲಿ ಮುಂಬಯಿಗೆ ಬಂದ ಬಂಗಾಳದ ಜ್ಞಾನದಾನಂದಿನಿ ದೇವಿಯವರು ಪಾರಸಿ ಸ್ತ್ರೀಯರ ಉಡುವ ರೀತಿಯನ್ನು ಕಂಡು, ಒಳಲಂಗ ಮತ್ತು ಹೊಲಿದ ರವಿಕೆಯೊಡನೆ ಸೀರೆ ಉಡುವ ಕ್ರಮವನ್ನು ಬಂಗಾಳದಲ್ಲಿ ಬಳಕೆಗೆ ತಂದರು. ಇಂತಹ ಹೊಸ ಉಡುಗೆ ಕ್ರಮೇಣ ದೇಶದ ವಿದ್ಯಾವಂತ ಮನೆತನಗಳಿಗೆ ಹಬ್ಬಿತು. ನಮ್ಮ ಊರುಗಳಲ್ಲಿಯೂ ಕಾಲಾನಂತರ ಸೊಸೆಯಂದಿರ ಸೀರೆ ಆರು ಗಜಕ್ಕೆ ಇಳಿಯಿತು, ಕುಬುಸ ಬ್ಲೌಸಾಯಿತು. ಮೊಮ್ಮಕ್ಕಳು ಚೂಡಿದಾರ ತೊಟ್ಟರು. ಸೆರಗಿಗೆ ಕೃತಕ ರೇಷ್ಮೆ ಬಂದಿತು.

ಆದರೆ ಉಡುಗೆ ಹೋದರೂ ಹೆಸರು ಹೋಗಲಿಲ್ಲ. ಚೊಚ್ಚಲ ಬಸುರಿಗೆ ಮಾಡುವ ಶಾಸ್ತ್ರವನ್ನು ಇಂದಿಗೂ ‘ಕುಬುಸ’ವೆಂದೇ ಕರೆಯುತ್ತೇವೆ. ಮಗಳ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಯೊಡನೆ ಖಣ ಬೇಕೇ ಬೇಕು. ನೆರೆಯ ಮರಾಠಿ ಮನೆಯವರೂ ಖಣ-ನಾರಳದಿಂದಲೇ ಓಟಿ ತುಂಬುತ್ತಾರೆ. ನಮ್ಮ ಇಳಕಲ್ಲ ಸೀರೆ ಅವರಿಗೆ ‘ಇರಕಲಿ’. 1956ರ ರಾಜ್ಯ ವಿಂಗಡಣೆ ನಮ್ಮನ್ನು ಗಡಿಯ ಈಚೆಗೆ ಇರಿಸಿತು. ಖಣ ಮಾತ್ರ ಎರಡೂ ಕಡೆಯ ಉಡಿಯಲ್ಲಿ ಉಳಿಯಿತು.

ಆದರೂ ಒಂದು ಕೊರಗಿದೆ. ಉಡಿಗೆ ಬಂದ ಖಣವನ್ನು ಹೊಲಿಸದೆ ಮತ್ತೊಬ್ಬರ ಉಡಿಗೆ ದಾಟಿಸುವುದು ನಮ್ಮ ರೂಢಿಯಾಗಿದೆ. ತೊಡುವವರಿಲ್ಲದ ಬಟ್ಟೆಯನ್ನು ನೇಕಾರನು ಎಷ್ಟು ಕಾಲ ನೇಯ್ದಾನು? ವರ್ಷಕ್ಕೊಂದು ಖಣವನ್ನಾದರೂ ಹೊಲಿಸಿ ತೊಡೋಣ. ಅಜ್ಜಿಯ ಸೀರೆ ಯಾರು, ಎಂದು, ಯಾವ ಸಂದರ್ಭದಲ್ಲಿ ಕೊಟ್ಟದ್ದೆಂದು ಆಕೆಯಿಂದಲೇ ಕೇಳಿ, ಚೀಟಿಯಲ್ಲಿ ಬರೆದು ಅದರ ಮಡಿಕೆಯೊಳಗೆ ಇಡೋಣ. ಹೇಳುವವರು ಇರುವಾಗಲೇ ಆಗಬೇಕಾದ ಕೆಲಸವಿದು.