ಹಳೇ ಕಾರಿನ ಅಸಲಿ ಬಣ್ಣ ಯಾವುದು?

ಹಳೇ ಕಾರು ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರುವ ಬಣ್ಣ ಯಾವುದು? ಕಪ್ಪು ತಾನೇ? ನನಗೂ ಅಷ್ಟೇ. ಅದರ ಮೇಲೆ ಹೆನ್ರಿ ಫೋರ್ಡನ ಆ ಪ್ರಸಿದ್ಧ ಮಾತು ಬೇರೆ. ಗಿರಾಕಿ ಯಾವ ಬಣ್ಣ ಬೇಕಾದರೂ ಕೇಳಲಿ, ಅದು ಕಪ್ಪಾಗಿದ್ದರೆ ಸರಿ ಅಂತ. 1909ರಲ್ಲೇ ಹೀಗೆ ಹೇಳಿದ್ದೆ ಅಂತ 1922ರ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ತಮಾಷೆ ಏನಪ್ಪಾ ಅಂದ್ರೆ, 1909ರಲ್ಲಿ ಫೋರ್ಡ್ ಮಾಡೆಲ್ ಟಿ ಬರುತ್ತಿದ್ದುದು ಕೆಂಪು, ಹಸಿರು, ಬೂದು ಬಣ್ಣಗಳಲ್ಲಿ! :) ಆಮೇಲೆ ಕಡು ಹಸಿರು, ಕಡು ನೀಲಿ. ಕಪ್ಪೊಂದೇ ಅಂತ ಆದದ್ದು 1914ರಿಂದ 1925ರವರೆಗೆ. 1926ರ ಮಾಡೆಲ್ಲಿಗೆ ಮತ್ತೆ ಬಣ್ಣಗಳು ಬಂದವು.

ಹಾಗಾದರೆ ಫೋಟೋಗಳಲ್ಲಿ ಎಲ್ಲವೂ ಕಪ್ಪು ಯಾಕೆ? ಆ ಕಾಲದ ಫೋಟೋ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಕಡು ಕೆಂಪು ಕಾರು ಕಪ್ಪಾಗಿ ಬೀಳುತ್ತಿತ್ತು, ನೀಲಿ ಕಾರು ಇರುವುದಕ್ಕಿಂತ ಬೆಳ್ಳಗೆ. ಫೋಟೋ ನೋಡಿ ಬಣ್ಣ ನಿರ್ಧರಿಸಲು ಹೋದರೆ ಕೆಟ್ಟ ಹಾಗೇ.

ಇದೆಲ್ಲ ನನ್ನ ತಲೆಗೆ ಹತ್ತಿದ್ದು ಗೆಳೆಯನೊಬ್ಬನ ತಾತನ ಮಾರಿಸ್ ಮೈನರ್ ಕಾರಿನಿಂದ. ಐವತ್ತರ ದಶಕದ ಗಾಡಿ, ಶೆಡ್ಡಿನಲ್ಲಿ ಕೋಳಿಗಳ ಜೊತೆ ವಾಸವಾಗಿತ್ತು. ಅದನ್ನು ಮತ್ತೆ ಮೊದಲಿನ ಹಾಗೆ ಮಾಡಿಸಬೇಕು ಅಂತ ಒಂದು ಗ್ಯಾರೇಜಿಗೆ (ಹೆಸರು ಬೇಡ) ಬಿಟ್ಟ. ಎರಡು ವಾರ ಬಿಟ್ಟು ಹೋದರೆ ಬಾಡಿಯನ್ನೆಲ್ಲ ತಗಡಿನವರೆಗೆ ಕೆರೆದು, ಪ್ರೈಮರ್ ಹೊಡೆದು, "ಹೇಳಿ ಸಾರ್, ಯಾವ್ ಬಣ್ಣ ಹೊಡೀಲಿ?" ಅಂದರಂತೆ! ಮನೆಗೆ ಬಂದು ಕೇಳಿದರೆ ಅಜ್ಜಿ ಹಸಿರು ಅಂದರು, ದೊಡ್ಡಪ್ಪ ಬೂದಿ ಬಣ್ಣ ಅಂದರು, ಅತ್ತೆ ನೀಲಿ ಅಂತ ಪಟ್ಟು ಹಿಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಇಲ್ಲದೆ ಡಿಲೀಟ್ ಮಾಡಿದ್ದು. ಹಳೇ ಶಾಸನವನ್ನು ಸುಣ್ಣ ಬಳಿದು ಮುಚ್ಚಿದರೆ ಮತ್ತೆ ತೊಳೆದು ಓದಬಹುದು, ಉಳಿಯಲ್ಲಿ ಕೆತ್ತಿ ತೆಗೆದರೆ ಏನು ಓದುವುದು?

ಇರಲಿ, ಚರಿತ್ರೆಗೆ ಬರೋಣ. ಮೊದಮೊದಲು ಕಾರಿಗೆ ಬಣ್ಣ ಹೊಡೆಯುತ್ತಿದ್ದವರು ಕುದುರೆ ಸಾರೋಟಿಗೆ ಹೊಡೆಯುತ್ತಿದ್ದವರೇ. ಅಗಸೆ ಎಣ್ಣೆಯ ಪೇಂಟು ಮತ್ತು ವಾರ್ನಿಶ್, ಕುಂಚದಲ್ಲಿ ಒಂದು ಪದರ, ಒಣಗಿಸು, ಉಜ್ಜು, ಮತ್ತೊಂದು ಪದರ. ಒಳ್ಳೇ ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಕಾರ್ಖಾನೆ ಎಷ್ಟೇ ಬೇಗ ಕಾರು ಜೋಡಿಸಿದರೂ ಕೊನೆಗೆ ಬಣ್ಣ ಒಣಗುವುದನ್ನೇ ಕಾಯಬೇಕು. ಫೋರ್ಡನ ಕಪ್ಪು ಅಗ್ಗ, ಗಟ್ಟಿ. ಅದರಲ್ಲಿ ಡಾಂಬರಿನ ಜಾತಿಯ ಆಸ್ಫಾಲ್ಟ್ ಇರುತ್ತಿತ್ತು. ಅದೂ ಒಂದೇ ಕಪ್ಪಲ್ಲ. ಅದ್ದುವ ಭಾಗಕ್ಕೆ ಒಂದು, ಒಲೆಯಲ್ಲಿ ಬೇಯಿಸುವ ಭಾಗಕ್ಕೆ ಇನ್ನೊಂದು, ಹೀಗೆ. ಆ ಪೇಂಟು ತೆಳ್ಳಗಿದ್ದಲ್ಲಿ ಕಂದು ಕಾಣುತ್ತದೆ. ಅಂದಮೇಲೆ ಅಂಗಡಿಗೆ ಹೋಗಿ ಒಂದು ಡಬ್ಬಿ ಕಪ್ಪು ಕೊಡಿ ಅಂದರೆ ಮಾಡೆಲ್ ಟಿ ಕಪ್ಪು ಸಿಗುವುದಿಲ್ಲ.

ಆಟ ಬದಲಾಗಿದ್ದು ಡ್ಯೂಕೊ ಬಂದ ಮೇಲೆ. ಸಿಡಿಮದ್ದು ಮಾಡುತ್ತಿದ್ದ ಡ್ಯೂಪಾಂಟ್ ಕಂಪನಿ, ಅದೇ ನೈಟ್ರೋಸೆಲ್ಯುಲೋಸನ್ನು ದ್ರಾವಕದಲ್ಲಿ ಕರಗಿಸಿ ಗನ್ನಿನಲ್ಲಿ ಸಿಂಪಡಿಸುವ ಲ್ಯಾಕರ್ ಮಾಡಿತು. ಜನರಲ್ ಮೋಟರ್ಸಿನವರು 1923ರಲ್ಲಿ ಬಿಟ್ಟ 1924ರ ಮಾಡೆಲ್ಲಿನ ಓಕ್‌ಲ್ಯಾಂಡ್ ಕಾರಿಗೆ ಅದನ್ನು ಹೊಡೆದರು, ನೀಲಿ ಬಣ್ಣದಲ್ಲಿ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1927ರಲ್ಲಿ ಹಾರ್ಲಿ ಅರ್ಲ್ ಕೈಕೆಳಗೆ ಆಕಾರ ಮತ್ತು ಬಣ್ಣಕ್ಕಾಗಿಯೇ ಒಂದು ವಿಭಾಗ ಶುರುವಾಯಿತು. ಬಣ್ಣ ನೋಡಿ ಕಾರು ಕೊಳ್ಳುವ ಚಾಳಿ ಬೆಳೆದದ್ದು ಹೀಗೆ. (ನಮ್ಮ ಇಂಟೀರಿಯರ್ ಕೆಲಸದವರು ಬೀರುವಿಗೆ "ಡ್ಯೂಕೊ ಹೊಡೆಸ್ತೀರಾ?" ಅಂತ ಕೇಳ್ತಾರಲ್ಲ, ಆ ಹೆಸರು ಬಂದದ್ದು ಇಲ್ಲಿಂದಲೇ!)

ಈಗ ಅಸಲಿ ಬಣ್ಣ ಹುಡುಕುವುದು ಹೇಗೆ? ಬಿಸಿಲು ಬೀಳದ ಕಡೆ ನೋಡಬೇಕು. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ರಬ್ಬರಿನ ಕೆಳಗೆ, ದೀಪ ಕೂರುವ ಜಾಗದಲ್ಲಿ. ಮೇಲೆ ಬೇರೆ ಪೇಂಟ್ ಇದ್ದರೆ ನಾಲ್ಕಾಣೆ ನಾಣ್ಯದಷ್ಟು ಜಾಗವನ್ನು ನಯವಾದ ಎಮರಿ ಪೇಪರಿನಲ್ಲಿ ನೀರು ಹಾಕಿ ನಿಧಾನ ಉಜ್ಜಿದರೆ ಪದರಗಳು ಒಂದರೊಳಗೊಂದು ಬಳೆಗಳ ಹಾಗೆ ಕಾಣುತ್ತವೆ. ಪ್ರೈಮರನ್ನೇ ಬಣ್ಣ ಅಂದುಕೊಳ್ಳಬಾರದು ಅಷ್ಟೇ.

ಸಿಕ್ಕಿದ್ದೂ ಪೂರ್ತಿ ಸತ್ಯವಲ್ಲ. ಬಿಸಿಲಿಗೆ ಕೆಂಪು ಬಣ್ಣಗಳು ಮಾಸುತ್ತವೆ ಸರಿ. ಆದರೆ ಅಗಸೆ ಎಣ್ಣೆಯ ಪೇಂಟು ಕತ್ತಲಲ್ಲಿದ್ದರೂ ಹಳದಿಗೆ ತಿರುಗುತ್ತದೆ, ಬೆಳಕಿಗಿಟ್ಟರೆ ಆ ಹಳದಿ ಸ್ವಲ್ಪ ಇಳಿಯುತ್ತದೆ! ನೀಲಿಯ ಮೇಲೆ ವಾರ್ನಿಶ್ ಹಳದಿಯಾದರೆ ಕಾರು ಹಸಿರು ಕಾಣುತ್ತದೆ. ಹಳೇ ಸೂತ್ರದ ಪುಸ್ತಕ ಸಿಕ್ಕರೂ ಕಷ್ಟ, ಅದರಲ್ಲಿನ ಸೀಸದ ಹಳದಿಯನ್ನು ವಿಷ ಅಂತ ಈಗ ಪೇಂಟಿನವರು ಬಿಟ್ಟಿದ್ದಾರೆ. ಬೇರೆ ಪುಡಿ ಬೆರೆಸಿ ಅದೇ ಬಣ್ಣ ಬರಿಸಿದರೆ ಟ್ಯೂಬ್‌ಲೈಟಿನಲ್ಲಿ ಒಂದೇ, ಹೊರಗೆ ಬಂದರೆ ಬೇರೆ. ಇದು ಅಮ್ಮಂದಿರಿಗೆ ಯಾವತ್ತಿನಿಂದಲೋ ಗೊತ್ತು. ಬ್ಲೌಸ್ ಪೀಸ್ ಮ್ಯಾಚಿಂಗ್ ನೋಡಲು ಸೀರೆಯನ್ನು ಅಂಗಡಿ ಬಾಗಿಲಿಗೆ ತಂದು ಹಿಡಿಯುತ್ತಾರಲ್ಲ, ಅದೇ. ಮೆಷಿನ್ನಿನಲ್ಲಿ ಅಳೆದರೂ ಕೊನೆಗೆ ಒಂದು ತಗಡಿಗೆ ಹೊಡೆದು ಬಿಸಿಲಲ್ಲಿ, ಮೋಡದಲ್ಲಿ, ಸಂಜೆಯಲ್ಲಿ ಪಕ್ಕದಲ್ಲಿಟ್ಟು ನೋಡಲೇಬೇಕು.

ಗೆಳೆಯನ ಪುಣ್ಯ, ಹಿಂದಿನ ನಂಬರ್ ಪ್ಲೇಟ್ ಕೂರುವ ಪಟ್ಟಿಯನ್ನು ಗ್ಯಾರೇಜಿನವರು ಬಿಚ್ಚಿರಲಿಲ್ಲ. ಅದರ ಹಿಂದೆ ಹೆಬ್ಬೆರಳಷ್ಟು ಪೇಂಟ್ ಉಳಿದಿತ್ತು. ಬೂದಿಯೊಳಗೆ ಹಸಿರು, ಹಸಿರೊಳಗೆ ಒಂಚೂರು ನೀಲಿ. ಅಜ್ಜಿ, ದೊಡ್ಡಪ್ಪ, ಅತ್ತೆ ಮೂವರೂ ನೋಡಿ "ನಾನು ಹೇಳಲಿಲ್ವಾ?" ಅಂದರಂತೆ :) ಬಣ್ಣ ಬೆರೆಸಲು ಆರು ಪ್ರಯತ್ನ ಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ಮೇಲೆ ಈಗಿನ ಕ್ಲಿಯರ್ ಕೋಟ್ ಬೇಡ ಅಂತ ಪೇಂಟರ್ ಅಣ್ಣನನ್ನು ಒಪ್ಪಿಸುವುದು. "ಕನ್ನಡಿ ಥರ ಹೊಳೀಬೇಕಲ್ವಾ ಸಾರ್?" ಅನ್ನುವುದು ಅವರ ಪ್ರಶ್ನೆ. ಆ ಕಾಲದ ಕಾರುಗಳಿಗೆ ಈ ಹೊಳಪು ಇರಲಿಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಆ ಹೆಬ್ಬೆರಳಷ್ಟು ಪೇಂಟನ್ನು ಮುಟ್ಟದೆ ಹಾಗೇ ಉಳಿಸಿ, ಉಳಿದ ಕಾರಿಗೆ ಕ್ಲಿಯರ್ ಕೋಟ್ ಇಲ್ಲದೆ ಹೊಡೆದುಕೊಟ್ಟರು, ಗೊಣಗುತ್ತಲೇ.